ಗೂಳಪ್ಪ ಹೇಳಿಕೊಂಡ ಕಷ್ಟಗಳು

ದಾಂಡೇಲಿಯ ನಮ್ಮ ಕಾಲೇಜಿನಲ್ಲಿ ಗೂಳಪ್ಪ ಇಪ್ಪತ್ತಾರು ವರ್ಷ ಸಿಪಾಯಿಯಾಗಿದ್ದ. ಗಂಟೆ ಬಾರಿಸುವುದು, ಹಾಜರಿ ಪುಸ್ತಕ ಒಯ್ಯುವುದು, ಪ್ರಾಂಶುಪಾಲರ ಕೋಣೆಯ ಮುಂದೆ ಸ್ಟೂಲಿನ ಮೇಲೆ ಕೂರುವುದು ಅವನ ಕೆಲಸ. ಇದರ ಜೊತೆಗೆ ಏಳು ವರ್ಷ ಅವನು ಇನ್ನೊಂದು ಕೆಲಸ ಮಾಡಿದ. ಅದು ಅವನ ಸೇವಾ ಪುಸ್ತಕದಲ್ಲಿ ಇಲ್ಲ. ವಾರಕ್ಕೆ ಮೂರು ದಿನ, ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ, ಅವನು ಕಷ್ಟದಲ್ಲಿರುವ ಮನುಷ್ಯನಾಗಿರುತ್ತಿದ್ದ.

೧೯೯೭ರಲ್ಲಿ ನಮ್ಮಲ್ಲಿ ಆಪ್ತಸಮಾಲೋಚನೆಯ ಎರಡು ವರ್ಷದ ಸ್ನಾತಕೋತ್ತರ ಕೋರ್ಸು ಶುರುವಾಯಿತು. ನಡೆಸುವ ಹೊಣೆ ಅಧ್ಯಾಪಕಿಯಾದ ನನ್ನದು. ಪುಸ್ತಕ ಓದಿಸುವುದು ಸುಲಭ. ಇನ್ನೊಬ್ಬರ ಮಾತು ಕೇಳುವುದನ್ನು ಕಲಿಸಬೇಕಾದರೆ ಎದುರಿಗೆ ಯಾರಾದರೂ ಕೂತು ಮಾತಾಡಬೇಕು. ವಿದ್ಯಾರ್ಥಿಗಳನ್ನೇ ಒಬ್ಬರ ಎದುರು ಒಬ್ಬರನ್ನು ಕೂರಿಸಿದರೆ ನಗುತ್ತಿದ್ದರು. ಒಂದು ದಿನ ನೀರಿನ ಜಗ್ಗು ತಂದಿಟ್ಟ ಗೂಳಪ್ಪನಿಗೆ ಖಾಲಿ ಕುರ್ಚಿ ತೋರಿಸಿದೆ.

"ಏನ್ ಹೇಳ್ಬೇಕ್ರಿ ಬಾಯಾರ?"

"ಏನರೆ ಒಂದ್ ಕಷ್ಟ ಹೇಳು."

"ನನ್ದೋ, ಮಂದೀದೋ?"

"ಯಾರದರೆ ಆಗ್ಲಿ."

ಅವನು ಕುರ್ಚಿಯಲ್ಲಿ ಕೂತ. ಆಮೇಲೆ, ಹೆಂಡತಿ ತವರಿಗೆ ಹೋಗಿ ಮೂರು ತಿಂಗಳಾಯಿತೆಂದೂ, ಒಲೆಯ ಮುಂದೆ ಕೂತರೆ ಹೊಗೆ ಇಲ್ಲದಿದ್ದರೂ ಕಣ್ಣಲ್ಲಿ ನೀರು ಬರುತ್ತದೆಂದೂ ಹೇಳಿದ. ಎದುರಿಗಿದ್ದ ಹುಡುಗಿ ಅತ್ತುಬಿಟ್ಟಳು. ಅವನ ಹೆಂಡತಿ ಕಾಶೆವ್ವ ಆ ಹೊತ್ತಿಗೆ ಅಂಬೇವಾಡಿಯ ಮನೆಯಲ್ಲಿ ಅವನಿಗಾಗಿ ರೊಟ್ಟಿ ಬಡಿಯುತ್ತಿದ್ದಳು.

ಗೂಳಪ್ಪ ಮುಂಡಗೋಡ ಕಡೆಯವನು, ಸನವಳ್ಳಿಯ ಹತ್ತಿರದವನು. ಊರಿನ ನಾಟಕಗಳಲ್ಲಿ ಅವನಿಗೆ ಒಂದು ಪಾತ್ರವೂ ಸಿಕ್ಕಿರಲಿಲ್ಲ. ದನಿ ಸಣ್ಣದು ಎಂದು ಪರದೆ ಎಳೆಯಲು ಇಟ್ಟಿದ್ದರು. ಪರದೆಯ ಮಗ್ಗುಲಲ್ಲಿ ನಿಂತು ಎಲ್ಲರ ಮಾತೂ ಅವನಿಗೆ ಬಾಯಿಪಾಠವಾಗಿತ್ತು. ನಮ್ಮ ಕುರ್ಚಿಯಲ್ಲಿ ಅವನಿಗೆ ಎಲ್ಲ ಪಾತ್ರಗಳೂ ಸಿಕ್ಕವು. ಏಳು ವರ್ಷದಲ್ಲಿ ಅವನು ಕುಡುಕನಾದ, ಹೆಂಡತಿಯನ್ನು ಹೊಡೆಯುವವನಾದ, ಹಳಿಯಾಳದಲ್ಲಿ ಇನ್ನೊಂದು ಸಂಸಾರ ಇಟ್ಟವನಾದ, ಕಾಳಿ ಹೊಳೆಯ ಸೇತುವೆಯ ಮೇಲೆ ನಿಂತು ಮನಸ್ಸು ಬದಲಿಸಿ ಮನೆಗೆ ಬಂದವನಾದ. ವಿದ್ಯಾರ್ಥಿ ಅವಸರದಿಂದ ಉಪದೇಶಕ್ಕೆ ಇಳಿದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಸುಮ್ಮನೆ ಕೇಳಿದರೆ ಮಾತು ಬಿಚ್ಚುತ್ತಿದ್ದ. ಇದನ್ನು ಅವನಿಗೆ ನಾನು ಕಲಿಸಿರಲಿಲ್ಲ. ನಾಲ್ಕು ಗಂಟೆಯಾದರೆ ಎದ್ದು, "ನಾಡದ ಕುಡದ್ ಬರ್ಲೋ, ಹಂಗ ಬರ್ಲೋ?" ಎಂದು ಕೇಳಿ ಗಂಟೆ ಬಾರಿಸಲು ಹೋಗುತ್ತಿದ್ದ.

೨೦೦೪ರ ಜೂನಿನಲ್ಲಿ, ಕೋರ್ಸಿಗೆ ಮಾನ್ಯತೆ ಕೊಡುವ ಮಂಡಳಿಯಿಂದ ಹೊಸ ನಿಯಮಗಳು ಬಂದವು. ನಲವತ್ತೆರಡು ಪುಟ. ಪಾಠಪಟ್ಟಿ ತಿದ್ದಿದೆವು, ಪರೀಕ್ಷೆಯ ಕ್ರಮ ಬದಲಿಸಿದೆವು. ಎರಡು ನಿಯಮ ಮಾತ್ರ ಉಳಿದವು. ಮೊದಲನೆಯದು, ಸಮಾಲೋಚನೆಯ ಕೋಣೆಯ ಮಾತು ಹೊರಗೆ ಕೇಳಿಸಕೂಡದು. ನಮ್ಮ ಕೋಣೆಯೆಂದರೆ ಹಳೆಯ ಪಡಸಾಲೆಗೆ ಅಡ್ಡಲಾಗಿ ಆಳೆತ್ತರದ ಹಲಗೆ ನಿಲ್ಲಿಸಿ ಮಾಡಿದ್ದು. ಹಲಗೆಯ ಮೇಲಿಂದ ಸೂರಿನ ತನಕ ಬಯಲು. ಆಚೆ ಬದಿಗೆ ಫೀ ಕಟ್ಟುವ ಕಿಂಡಿ. ಆ ನಿಯಮ ಓದಿ, ಇದು ದೊಡ್ಡ ಊರಿನವರ ಸೋಗು ಎಂದು ನಾನು ನಕ್ಕೆ. ಎರಡನೆಯದಕ್ಕೆ ನಗು ಬರಲಿಲ್ಲ. ನಟಿಸುವವರ ಜೊತೆ ಮಾಡಿದ ಅಭ್ಯಾಸ ಇನ್ನು ಲೆಕ್ಕಕ್ಕಿಲ್ಲ; ಫೆಬ್ರವರಿ ಮುಗಿಯುವುದರೊಳಗೆ ಊರಿನ ಇಪ್ಪತ್ತು ಜನ ತಮ್ಮ ನಿಜವಾದ ಕಷ್ಟ ಹೇಳಿಕೊಳ್ಳಲು ಬಂದಿರಬೇಕು. ಇಲ್ಲದಿದ್ದರೆ ಮಾನ್ಯತೆ ಹೋಗುತ್ತದೆ, ಹನ್ನೆರಡು ವಿದ್ಯಾರ್ಥಿಗಳ ಎರಡು ವರ್ಷ ನೀರುಪಾಲಾಗುತ್ತದೆ.

ಅಂಬೇವಾಡಿಯಲ್ಲಿ, ಅಂಬಿಕಾನಗರದ ಕಾಲೊನಿಯಲ್ಲಿ, ಜೋಯಿಡಾದ ಬಸ್‌ಸ್ಟ್ಯಾಂಡಿನಲ್ಲಿ ಕಷ್ಟ ಹೇಳಿಕೊಳ್ಳಲು ಬನ್ನಿರೆಂದು ಚೀಟಿ ಅಂಟಿಸಿದೆವು. ಡಿಸೆಂಬರ್ ಮುಗಿಯುವ ತನಕ ಬಂದವರು ಇಬ್ಬರು. ಒಬ್ಬರಿಗೆ ಜಾತಿ ಪ್ರಮಾಣಪತ್ರ ಬೇಕಾಗಿತ್ತು. ಇನ್ನೊಬ್ಬರು ಮಳೆ ಬಂತೆಂದು ನಿಂತು, ಚಹಾ ಕುಡಿದು ಹೋದರು.

ಹಳಿಯಾಳದಿಂದ ಬರುತ್ತಿದ್ದ ವಿದ್ಯಾರ್ಥಿನಿ ತುಳಜಾ ನೇರವಾಗಿ ಹೇಳಿದಳು: "ಬಾಯಾರ, ಇವತ್ತ ಈ ಬಾಗಲಾ ದಾಟಿದ್ರ ನಾಳೆ ನಳದ ಮುಂದ 'ಏನಾಗೇತಿ ನಿಮ್ಮನ್ಯಾಗ' ಅಂತ ಕೇಳ್ತಾರ. ಯಾರ್ ಬರ್ತಾರ್ರಿ?"

ಪಾತ್ರ ಕಳೆದುಕೊಂಡ ಗೂಳಪ್ಪ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತಿರುತ್ತಿದ್ದ. "ಈಗ ನನಗ ಒಂದ್ ಕಷ್ಟಾನೂ ಇಲ್ಲ ನೋಡ್ರಿ. ಹೊತ್ತs ಹೋಗವಲ್ದು," ಎನ್ನುತ್ತಿದ್ದ.

ಜನವರಿಯ ಮೊದಲ ವಾರ ಕಾಶೆವ್ವ ಕಾಲೇಜಿಗೆ ಬಂದಳು. ಗಂಡನನ್ನು ನೋಡದೆ, ಅವನ ಸ್ಟೂಲು ದಾಟಿ ಒಳಗೆ ಬಂದು ನಿಂತಳು.

"ಬಾಯಾರ, ನಮ್ಮ ಮನ್ಯಾವ್ರು ನನ್ನ ಯಾವಾಗ ಹೊಡದಾರ್ರಿ?"

"ಹೊಡದಾನಂತ ಯಾರಂದ್ರು?"

"ಇಡೀ ಅಂಬೇವಾಡಿ ಅಂತೈತಿ! ಕುಡೀತಾರಂತ, ಹೊಡೀತಾರಂತ, ಹಳಿಯಾಳದಾಗ ಒಬ್ಬಾಕೀನ ಇಟ್ಟಾರಂತ. ಹಳಿಯಾಳದ ಬಸ್ ಹತ್ತಿದ್ರ ವಾಂತಿ ಮಾಡ್ಕೊಳ್ಳೋ ಮನಶಾ ಅದು, ಅಲ್ಲೊಂದ್ ಸಂಸಾರ ಮಾಡ್ತೈತೇನ್ರಿ? ಫೀ ಕಟ್ಟಾಕ ನಿಂತವ್ರು ಏಳ ವರ್ಷದಿಂದ ಕಿವಿ ಕೊಟ್ಟ ಕೇಳ್ಯಾರ!"

ನಾನು ಹಲಗೆಯ ಮೇಲಿನ ಬಯಲನ್ನು ನೋಡಿದೆ. ನಿಯಮ ಸರಿಯಾಗಿತ್ತು. ನಾನು ನಕ್ಕದ್ದು ತಪ್ಪು.

"ಅಷ್ಟಾದ್ರ ತಡ್ಕೋತಿದ್ದೆ. ಆರ ತಿಂಗಳಿಂದ ಕಿಂಡಿ ಮುಂದ ಏನೂ ಕೇಳಸವಲ್ದಂತ; ಈಗ ಹೆಂಗಸ್ರು ಮನೀಗ ಬಂದು, 'ಕಾಶೆವ್ವಾ, ಅಷ್ಟ ಕೆಟ್ಟಾಂವ ಇಷ್ಟ ಚೊಲೋ ಹೆಂಗಾದಾ? ಎಲ್ಲಿ ತೋರಿಸಿದಿ?' ಅಂತ ಕೇಳ್ತಾರ. ಏನೂ ಆಗಿರ್ಲೇ ಇಲ್ಲ ಅಂದ್ರ 'ಮುಚ್ಚತಾಳ' ಅಂತಾರ."

ಅಲ್ಲೇ ಇದ್ದ ತುಳಜಾಳ ಕಣ್ಣು ಅರಳಿದವು. "ಮಾವಶೀ, ಎಷ್ಟ ಮಂದಿ ಕೇಳ್ಯಾರ?"

"ಏನಿಲ್ಲಂದ್ರೂ ಹತ್ತ ಮಂದಿ."

"ಬಾಯಾರ, ಎರಡ ತಿಂಗಳ ಸುಮ್ನಿರೂಣು. ಇಲ್ಲೇ ಚೊಲೋ ಆದಾ ಅಂತ ತಿಳ್ಕೊಂಡು ಅವರಾಗೇ ಬರ್ತಾರ. ಇಪ್ಪತ್ತ ಮಂದಿ ಆದ್ಮ್ಯಾಲೆ ಖರೇ ಹೇಳೂಣು."

ಆಗದು ಎಂದೆ. ನಿಜ ಹೇಳಿಕೊಳ್ಳಲು ಬಾ ಎಂದು ಸುಳ್ಳು ಹೇಳಿ ಕರೆಯುವುದು ಯಾವ ಸಮಾಲೋಚನೆ? ಅಲ್ಲದೆ ಹಾಳಾಗಿದ್ದು ಕಾಶೆವ್ವನ ಮನೆಯ ಹೆಸರು. ಗೂಳಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. "ಹೊಲಸ ಮಾಡಿದಾಂವ ನಾನs. ನಾನs ಮಂದಿ ಮುಂದ ಹೇಳ್ತೇನ್ರಿ," ಎಂದ.

ಬಡಿಗೇರ ಮುದಕಪ್ಪ ನಾಲ್ಕು ದಿನದಲ್ಲಿ ಹಲಗೆಯನ್ನು ಜೋಡಿ ಮಾಡಿ, ನಡುವೆ ತೆಂಗಿನ ನಾರು ತುಂಬಿ, ಸೂರಿನ ತನಕ ಗೋಡೆ ಏರಿಸಿದ. ಆ ಭಾನುವಾರ ಅಂಬೇವಾಡಿಯ ಸಮುದಾಯ ಭವನದಲ್ಲಿ ಐವತ್ತು ಜನ ಸೇರಿದರು. ಗೂಳಪ್ಪ ಎದ್ದು ನಿಂತು ತನ್ನ ಸಣ್ಣ ದನಿಯಲ್ಲಿ ಹೇಳಿದ: "ನಾ ಕುಡಿಯಾಂವಲ್ಲ. ಹೊಡಿಯಾಂವಲ್ಲ. ಅದೆಲ್ಲಾ ಹುಡುಗೂರಿಗೆ ಕಲಸಾಕ ಮಾಡಿದ ನಾಟಕ."

"ಈಗ ಬಿಟ್ಟೀನಿ ಅನ್ನೋ ಮಾರಾಯಾ! ಅದರಾಗ ನಾಚಿಕಿ ಏನ ಐತಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ತಲೆಯಾಡಿಸಿದರು. ಒಬ್ಬರೂ ನಂಬಲಿಲ್ಲ.

ಹೇಳಿದರೆ ನಂಬದವರಿಗೆ ತೋರಿಸಬೇಕಾಯಿತು. ಎರಡು ಕುರ್ಚಿ ಹಾಕಿದೆವು. ತುಳಜಾ ಎದುರಿಗೆ ಕೂತಳು. ಗೂಳಪ್ಪ ಮಗಳ ಜೊತೆ ಮಾತು ಬಿಟ್ಟ ತಂದೆಯಾದ. ಹತ್ತು ನಿಮಿಷದಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮನಿಯಾಕಿ ಸತ್ತ ಮ್ಯಾಲೆ ನನ್ನ ಕೇಳವ್ರು ಯಾರ ಇದ್ದಾರ..." ಎಂದು ಅವನು ನಿಟ್ಟುಸಿರು ಬಿಟ್ಟ.

ಮುಂದಿನ ಸಾಲಿನಿಂದ ಕಾಶೆವ್ವ ಎದ್ದಳು. "ಈಗ ಕೊಂದ್ರಿ ನೋಡ್ರಿ ನನ್ನ! ಮೊದಲ ತವರಿಗೆ ಕಳಿಸಿದ್ರಿ, ಆಮ್ಯಾಲ ಹೊಡದ್ರಿ, ಈಗ ಸಾಯಿಸಿದ್ರಿ! ಮಧ್ಯಾಹ್ನ ಉಂಡ ಜುಣಕಾ ಯಾರ ಮಾಡಿದ್ರು ಹಂಗಾರ?"

ಗೂಳಪ್ಪ ದುಃಖದ ಮುಖ ಬಿಟ್ಟು, "ನೀನs," ಎಂದ. ಭವನವೆಲ್ಲ ನಕ್ಕಿತು. ಅವನು ಏಳು ವರ್ಷ ಏನು ಮಾಡಿದ್ದನೆಂಬುದು ಆಗ ಎಲ್ಲರಿಗೂ ತಿಳಿಯಿತು. ಇನ್ನೊಂದನ್ನೂ ಅವರು ಗಮನಿಸಿದ್ದರು: ಇಷ್ಟು ಹೊತ್ತೂ ತುಳಜಾ ಅವನನ್ನು ಬೈದಿರಲಿಲ್ಲ, ಬುದ್ಧಿ ಹೇಳಿರಲಿಲ್ಲ, ಸುಮ್ಮನೆ ಕೇಳಿದ್ದಳು.

ಕಾಗದದ ಕಾರ್ಖಾನೆಯಿಂದ ನಿವೃತ್ತನಾಗಿದ್ದ ಅಡಿವೆಯ್ಯ ನನ್ನ ಹತ್ತಿರ ಬಂದ. "ಖರೇ ಹೇಳ್ರಿ ಬಾಯಾರ, ಈಗ ಹೊರಗ ಕೇಳಸೂದಿಲ್ಲೇನು?"

"ಇಲ್ಲ."

"ನಾ ನೋಡಿ ನಂಬ್ತೇನಿ."

ಮರುದಿನ ಅವನು ಹೆಂಡತಿಯನ್ನು ಕರೆದುಕೊಂಡು ಬಂದ. ಅವಳನ್ನು ಕೋಣೆಯಲ್ಲಿ ಬಿಟ್ಟು, ಮನಸ್ಸಿಗೆ ಬಂದಂತೆ ತನ್ನನ್ನು ಬೈಯಲು ಹೇಳಿ, ತಾನು ಫೀ ಕಿಂಡಿಯ ಹತ್ತಿರ ಗೋಡೆಗೆ ಕಿವಿ ಇಟ್ಟು ನಿಂತ. ಐದು ನಿಮಿಷವಾದ ಮೇಲೆ ಬಾಗಿಲು ತೆರೆದರೆ ಅವಳು ಇನ್ನೂ ಬೈಯುತ್ತಿದ್ದಳು. "ಈಕಿ ದನಿ ಹೊಳಿ ಆಚೆ ಕೇಳಸ್ತೈತಿ. ಈಕೀದs ಕೇಳ್ಲಿಲ್ಲಂದ್ರ ಗೋಡಿ ಗಟ್ಟಿ ಐತಿ," ಎಂದು ತೀರ್ಪು ಕೊಟ್ಟ. ಆ ವಾರವೇ ನಮ್ಮ ಪಟ್ಟಿಯ ಮೊದಲ ಹೆಸರು ಅವನದಾಯಿತು.

ಗೋಡೆಯ ಸುದ್ದಿ ನಳದ ಮುಂದೆ ಹರಡಿತು. ಜನ ಬರತೊಡಗಿದರು. ಫೆಬ್ರವರಿ ಇಪ್ಪತ್ತೈದಕ್ಕೆ ಹತ್ತೊಂಬತ್ತು ಹೆಸರಾದವು. ಇಪ್ಪತ್ತನೆಯವರು ಬರಲಿಲ್ಲ. ಕೊನೆಯ ದಿನ, ಇಪ್ಪತ್ತೆಂಟರಂದು, ಬೆಳಿಗ್ಗೆ ಹಾಜರಿ ಪುಸ್ತಕ ತಂದ ಗೂಳಪ್ಪ ಹೋಗದೆ ನಿಂತ.

"ನಾ ಬಂದ್ರ ನಡೀತೈತೇನ್ರಿ?"

"ನಾಟಕ ನಡಿಯೂದಿಲ್ಲ, ಗೂಳಪ್ಪ."

"ನಾಟಕ ಅಲ್ರಿ. ನನ್ದs ಒಂದ ಐತಿ."

ನಲವತ್ತೆರಡು ಪುಟವನ್ನೂ ಮತ್ತೆ ಓದಿದೆ. ಸಿಪಾಯಿ ಬರಕೂಡದು ಎಂದು ಎಲ್ಲಿಯೂ ಇರಲಿಲ್ಲ.

ಮೂರು ಗಂಟೆಗೆ ಅವನು ತುಳಜಾಳ ಎದುರು ಅದೇ ಕುರ್ಚಿಯಲ್ಲಿ ಕೂತ. ಮಾರ್ಗದರ್ಶಕಿಯಾಗಿ ನಾನು ಮೂಲೆಯಲ್ಲಿದ್ದೆ. ಏಳು ವರ್ಷ ಕೂತ ಕೂಡಲೇ ಕಷ್ಟ ಹೇಳುತ್ತಿದ್ದವನು ಇಪ್ಪತ್ತು ನಿಮಿಷ ಬಾಯಿ ತೆರೆಯಲಿಲ್ಲ. ತುಳಜಾ ಅವಸರ ಮಾಡಲಿಲ್ಲ. ಅದನ್ನು ಅವಳಿಗೆ ಕಲಿಸಿದವನೇ ಅವನು. ಆಮೇಲೆ ಅವನು ಮಾತಾಡಿದ, ತಡೆತಡೆದು, ಬಹಳ ಕೆಟ್ಟದಾಗಿ. ನಾಟಕವಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಅವನು ಬಂದಿದ್ದನೆಂದು ಬರೆಯಲು ಅವನ ಒಪ್ಪಿಗೆ ಇದೆ, ಅಡಿವೆಯ್ಯನದೂ ಇದೆ. ಏನು ಹೇಳಿದರೆಂದು ಬರೆಯಲು ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಇಪ್ಪತ್ತನೆಯ ಸಾಲು ತುಂಬಿತು, ಏಪ್ರಿಲಿನಲ್ಲಿ ಮಾನ್ಯತೆಯ ಪತ್ರವೂ ಬಂತು. ಗೂಳಪ್ಪ ತನ್ನದೇ ಕಷ್ಟ ಹೇಳಿಕೊಂಡ ಆ ದಿನ ನಾಲ್ಕು ಗಂಟೆಗೆ ಬಾಗಿಲು ತೆರೆದಾಗ, ಗೋಡೆಗೆ ಕಿವಿ ಇಟ್ಟು ನಿಂತಿದ್ದ ಕಾಶೆವ್ವ ಮುಗ್ಗರಿಸುವಂತಾಗಿ ಹಿಂದೆ ಸರಿದಳು.

"ಸುಳ್ಳ ಹೇಳೂ ಮುಂದ ಊರಿಗೆಲ್ಲಾ ಕೇಳಸ್ತು," ಎಂದಳು ಮುದಕಪ್ಪನ ಗೋಡೆಯನ್ನು ದುರುಗುಟ್ಟಿ ನೋಡುತ್ತ. "ಖರೇ ಹೇಳೂ ದಿವಸ ನನಗs ಒಂದ್ ಮಾತೂ ಕೇಳಸಲಿಲ್ಲ!"

"ಮನೀಗ ನಡಿ, ಹೇಳ್ತೇನಿ," ಎಂದ ಗೂಳಪ್ಪ. ಹೇಳಿ, ಮೊದಲು ಗಂಟೆ ಬಾರಿಸಲು ಹೋದ. ನಾಲ್ಕು ದಾಟಿ ಎರಡು ನಿಮಿಷವಾಗಿತ್ತು.