ಹಿತಕಿದ ಬೇಳೆ ಸಾರಿಗೆ ಬಿಳಿ ವೈನ್

ನಂದಿಬೆಟ್ಟದ ಬುಡದ ಒಂದು ವೈನ್ ತೋಟದಲ್ಲಿ ನನಗೆ ಕೆಲಸ. ಬಂದವರಿಗೆ ಲೋಟದಲ್ಲಿ ಒಂದಿಷ್ಟು ವೈನ್ ಹಾಕಿಕೊಟ್ಟು, ಅದು ಯಾವ ದ್ರಾಕ್ಷಿಯದು, ಯಾವ ತಿಂಡಿಗೆ ಹೊಂದುತ್ತದೆ ಎಂದು ವಿವರಿಸಬೇಕು. ಅಮ್ಮ ಮಾತ್ರ ನೆಂಟರಿಗೆ, "ಅದೇ, ದ್ರಾಕ್ಷಿ ಕಂಪ್ನೀಲಿ ಇದಾಳೆ" ಎಂದಷ್ಟೇ ಹೇಳುತ್ತಾಳೆ.

ಅವರೆಕಾಯಿ ಕಾಲದ ಒಂದು ಭಾನುವಾರ ಮೇಲೂರಿನ ನನ್ನ ಸೋದರಮಾವ ಹೇಳದೆ ಕೇಳದೆ ಅತ್ತೆಯ ಜೊತೆ ತೋಟಕ್ಕೆ ಬಂದಿಳಿದರು. ಅತ್ತೆಯ ಕೈಯಲ್ಲಿ ಟಿಫಿನ್ ಕ್ಯಾರಿಯರ್. ಮಾವ ಜೀವಮಾನವೆಲ್ಲ ತಿನ್ನುವ ದ್ರಾಕ್ಷಿ ಬೆಳೆದವರು. ಆ ವಿಷಯದಲ್ಲಿ ಇನ್ನೊಬ್ಬರು ಬಾಯಿ ತೆರೆಯುವುದನ್ನು ಅವರು ಸಹಿಸುವುದಿಲ್ಲ. ಅಂದು ಬೆಂಗಳೂರಿನ ಕಾರುಗಳಿಂದ ತೋಟ ತುಂಬಿಹೋಗಿತ್ತು. ಇಬ್ಬರನ್ನೂ ಮೂಲೆಯ ಮೇಜಿಗೆ ಕೂರಿಸಿ, ಮಾವನಿಗೆ ಸೊವಿನ್ಯೋ ಬ್ಲಾಂ ಎಂಬ ತಣ್ಣಗಿನ ಬಿಳಿ ವೈನ್ ಹಾಕಿದೆ.

"ಇಷ್ಟೇನಾ? ತೀರ್ಥ ಕೊಟ್ಟಂಗೆ ಕೊಡ್ತೀಯಲ್ಲಮ್ಮ!"

"ರುಚಿ ನೋಡಕ್ಕೆ ಅಷ್ಟೇ ಮಾವ. ಮೊದ್ಲು ವಾಸನೆ ನೋಡಿ. ಹಸಿ ಸೀಬೆಕಾಯಿ, ನಿಂಬೆ ಸಿಪ್ಪೆ, ಆಗ ತಾನೇ ಕೊಯ್ದ ಹುಲ್ಲು..."

"ಹುಲ್ಲಿನ ವಾಸ್ನೆ ನೋಡಕ್ಕೆ ಇಲ್ಲೀಗಂಟ ಬರ್ಬೇಕಾ? ನಮ್ಮನೇಲಿ ಎರಡು ಹಸ ಇದಾವೆ."

ಪಕ್ಕದ ಮೇಜಿನವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೂ ಕಲಿಸಿಕೊಟ್ಟದ್ದನ್ನು ಒಪ್ಪಿಸಿದೆ: ಇಲ್ಲಿ ಹಗಲು ಬಿಸಿಲು, ರಾತ್ರಿ ಚಳಿ, ಅದರಿಂದ ಹಣ್ಣಿನ ಹುಳಿ ಉಳಿಯುತ್ತದೆ, ಆ ಹುಳಿಯೇ ಈ ವೈನಿನ ಜೀವ. ಮಾವ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಹಣ್ಣಾಗೋಕೆ ಮುಂಚೆ ಕಿತ್ತುಬಿಟ್ಟಿದಾರೆ ಕಣಮ್ಮ. ಯಾರೂ ಹೇಳೋರಿಲ್ವಾ ಇವರ್ಗೆ? ಒಂಚೂರು ಸಕ್ಕರೆ ತಾ."

"ಸಕ್ಕರೆ ಹಾಕ್ಬಾರ್ದು ಮಾವ!"

ಅಷ್ಟರಲ್ಲಿ ಅತ್ತೆ ಕ್ಯಾರಿಯರ್ ಬಿಚ್ಚಿದ್ದರು. ಹೊರಗಿನ ಊಟ ತರಬಾರದೆಂಬ ಫಲಕ ಅವರ ತಲೆಯ ಮೇಲೇ ಇತ್ತು. ಅವರೆಕಾಳಿನ ಬಿಸಿ ಬಿಸಿ ಹಿತಕಿದ ಬೇಳೆ ಸಾರಿನ ಘಮ ಎದ್ದದ್ದೇ ತಡ, ನನ್ನ ಹುಲ್ಲು, ನಿಂಬೆ, ಸೀಬೆ ಎಲ್ಲ ಎತ್ತಲೋ ಹೋದವು. ನಾನು ಓಡಿಹೋಗಿ ಅಡುಗೆಮನೆಯಿಂದ ಹೆಸರುಬೇಳೆ ಕೋಸಂಬರಿ, ಸುಟ್ಟ ಪನೀರ್ ತಂದಿಟ್ಟೆ. ಈ ವೈನಿಗೆ ನಿಂಬೆ, ಸೌತೆಕಾಯಿ, ಕೊತ್ತಂಬರಿ ಹೊಂದುತ್ತವೆ. ಖಾರದ ಮಸಾಲೆ ಸೇರಿದರೆ ನಾಲಿಗೆ ಉರಿಯುತ್ತದೆ, ವೈನಿನ ರುಚಿ ಸತ್ತುಹೋಗುತ್ತದೆ ಎಂದು ಬೇಡಿಕೊಂಡೆ.

"ಕೋಸಂಬರಿ ರಾಮನವಮೀಲಿ ತಿಂತೀವಿ ಬಿಡು" ಎಂದ ಮಾವ, ಅತ್ತೆ ತಂದ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿ, ಮೇಲೆ ಒಂದು ಗುಟುಕು ಎಳೆದರು. ಕಣ್ಣಲ್ಲಿ ನೀರು ಬಂತು. "ಆಹಾ! ಈಗ ಸರಿಹೋಯ್ತು ನೋಡು. ಇನ್ನೊಂಚೂರು ಹಾಕು."

ಪಕ್ಕದ ಮೇಜಿನ ಹೆಂಗಸು ಬಗ್ಗಿ ಕೇಳಿದರು: "ಆಂಟಿ, ಏನದು? ಸ್ವಲ್ಪ ಟೇಸ್ಟ್ ಮಾಡ್ಲಾ?" ಅತ್ತೆಗೆ ಅಷ್ಟು ಸಾಕಾಯಿತು. ಕ್ಯಾರಿಯರ್ ಮೇಜಿಂದ ಮೇಜಿಗೆ ಹೋಯಿತು. ಕೊನೆಗೆ ನಮ್ಮ ಮ್ಯಾನೇಜರ್ ಬಂದು ನಿಂತಾಗ ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರೂ ಒಂದು ಬಟ್ಟಲು ಹಾಕಿಸಿಕೊಂಡರು.

ಮುಂದಿನ ವಾರವೇ ಹಿತಕಿದ ಬೇಳೆ ಸಾರು ನಮ್ಮ ಮೆನುವಿಗೆ ಏರಿತು, ಅದೂ ಸೊವಿನ್ಯೋ ಬ್ಲಾಂ ಜೊತೆಗೆ. ಅವೆರಡೂ ಹೊಂದುವುದಿಲ್ಲವೆಂದು ನಾನು ಮ್ಯಾನೇಜರ್ ಮುಂದೆ ವಾದಿಸಿದೆ. "ಜನ ಕೇಳ್ತಿದಾರಲ್ಲಮ್ಮ" ಎಂದು ಅವರು ನನ್ನ ಮಾತು ತಳ್ಳಿಹಾಕಿಬಿಟ್ಟರು. ಮಾವ ಈಗ ಮದುವೆ ಮನೆಗಳಲ್ಲಿ, "ನಮ್ ಹುಡುಗೀಗೆ ವೈನ್ ಕಲಿಸಿದ್ದೇ ನಾನು" ಎನ್ನುತ್ತಾರಂತೆ. ಅವರೆಕಾಯಿ ಕಾಲ ಬಂತೆಂದರೆ ಭಾನುವಾರಗಳಂದು ಜನ ಮೂಗು ಒರೆಸಿಕೊಳ್ಳುತ್ತ, ಕಣ್ಣೀರು ಸುರಿಸುತ್ತ ಇನ್ನೊಂದು ಲೋಟ ಕೇಳುತ್ತಾರೆ. ಹೊಂದುವುದಿಲ್ಲ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಹೌದೌದು ಎಂದು ತಲೆಯಾಡಿಸಿ, ಬಟ್ಟಲು ಮುಂದೆ ಚಾಚುತ್ತಾರೆ.