ಬಾಗಿಲ ಮಡಿಗೆ ತುಂಬೆಯೋ, ಕಾಮಕಸ್ತೂರಿಯೋ? ಮಗ್ಗದ ಕುಣಿ ಕಾಯುವ ಸಾತವ್ವ

ಬನಹಟ್ಟಿಯ ನೇಕಾರ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಚನಮಲ್ಲಪ್ಪನವರ ಮಗ್ಗದ ಮನೆಯ ಮುಂದೆ ಸಾತವ್ವ ಕಂದೀಲು ಹಿಡಿದು ನಿಂತಿದ್ದಾಳೆ. ಕೀಲಿ ತೆಗೆದವಳು ತಟ್ಟನೆ ಒಳಗೆ ಕಾಲಿಡುವುದಿಲ್ಲ. ಬಿದಿರು ಕೋಲಿನಿಂದ ಹೊಸ್ತಿಲು ಕುಟ್ಟುತ್ತಾಳೆ, ಕಿವಿಗೊಡುತ್ತಾಳೆ, ಮತ್ತೊಮ್ಮೆ ಕುಟ್ಟುತ್ತಾಳೆ. ಆಮೇಲೆ ಕತ್ತಲಿನ ಕಡೆಗೆ ಮುಖ ಮಾಡಿ ಮೆಲ್ಲಗೆ ಹೇಳುತ್ತಾಳೆ:

"ಇದ್ದರ ಹೋಗಪಾ ನಮ್ಮಪ್ಪ. ನಮ್ಮ ಮಂದಿ ಬರೂ ಹೊತ್ತಾತು."

ಒಳಗೆ ಸಾಲು ಹಿಡಿದು ಹದಿನಾಲ್ಕು ಕುಣಿಮಗ್ಗಗಳಿವೆ. ಪ್ರತಿ ಮಗ್ಗಕ್ಕೂ ನೆಲದಲ್ಲಿ ಒಂದು ತೆಗ್ಗು. ನೇಯುವವನು ಅದರ ದಂಡೆಯ ಮೇಲೆ ಕುಳಿತು, ಕಾಲೆರಡನ್ನೂ ಕೆಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾನೆ. ಕಣ್ಣು ನೂಲಿನ ಮೇಲಿರುತ್ತದೆ, ಕಾಲು ಕತ್ತಲಲ್ಲಿರುತ್ತದೆ. ರಾತ್ರಿ ಆ ಕುಣಿಯೊಳಗೆ ಏನು ಬಂದು ಮಲಗಿದೆಯೋ ಅವನಿಗೆ ಗೊತ್ತಾಗುವುದಿಲ್ಲ. ಅವನಿಗಿಂತ ಮೊದಲು ಅದನ್ನು ನೋಡಿ ತಿಳಿಯುವುದೇ ಸಾತವ್ವನ ಕೆಲಸ.

ಕಂದೀಲಿಗೆ ಹಗ್ಗ ಕಟ್ಟಿ ಒಂದೊಂದೇ ಕುಣಿಗೆ ಇಳಿಸುತ್ತಾಳೆ. ಕೋಲಿನಿಂದ ನಾಲ್ಕೂ ಮೂಲೆ ತಡವುತ್ತಾಳೆ. ತುಳಿಯುವ ಹಲಗೆಯನ್ನು ಎತ್ತಿ ಅದರ ಅಡಿಯನ್ನು ನೋಡುತ್ತಾಳೆ. ಎಲ್ಲವೂ ಸರಿ ಎನ್ನಿಸಿದ ಮೇಲೆಯೇ ಕೆಳಗಿಳಿದು, ಹಿಂದಿನ ದಿನ ಉದುರಿದ ಅರಳೆಯ ಧೂಳನ್ನು ಗುಡಿಸಿ ಮೇಲೆ ಬರುತ್ತಾಳೆ. ಚೇಳು ಸಿಗುವುದು ಹೊಸದಲ್ಲ. ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವಳ ಅಂಜಿಕೆ ಬೇರೆಯದರದು. ಅದರ ಹೆಸರನ್ನೂ ಬಾಯಿಂದ ಹೇಳುವುದಿಲ್ಲ, "ಹುಳ" ಎಂದಷ್ಟೇ ಅನ್ನುತ್ತಾಳೆ.

ಸಾತವ್ವ ಲೋಕಾಪುರದ ಕಡೆಯ ಕುರುಬರ ಮಗಳು. ಗಂಡ ಲಗಮಣ್ಣನ ಕುರಿಗಳೆಲ್ಲ ಒಂದು ಮಳೆಗಾಲದ ಬೇನೆಗೆ ಸತ್ತುಹೋದವು. ಸಂಸ್ಥಾನಗಳು ಹೋಗಿ ಮುಂಬೈ ಸರ್ಕಾರ ಬಂದ ವರುಷ ಇಬ್ಬರೂ ಬನಹಟ್ಟಿಗೆ ಬಂದು ನಿಂತರು. ಗಂಡ ನೂಲಿನ ಗಂಟು ಹೊರುತ್ತಾನೆ, ಹೆಂಡತಿ ಕಸ ಗುಡಿಸಲು ಸೇರಿದಳು. ಕುರಿ ಹಟ್ಟಿಯಲ್ಲಿ ಬೆಳೆದವಳಿಗೆ ಹುಳದ ಸುಳಿವು ತಿಳಿದೀತು ಎಂದು ಚನಮಲ್ಲಪ್ಪನವರು ಕುಣಿ ನೋಡುವ ಕೆಲಸವನ್ನೂ ಅವಳಿಗೇ ಒಪ್ಪಿಸಿದರು. ಹೊಲದಲ್ಲಿ ಹುಳ ಕಂಡರೆ ಓಡಿಹೋಗಬಹುದು, ಕುಣಿಯಲ್ಲಿ ಓಡುವುದಕ್ಕೆ ಜಾಗ ಎಲ್ಲಿದೆ ಎಂಬುದು ಅವಳ ಅಂದಿನ ಪ್ರಶ್ನೆ. ಇಂದಿಗೂ ಅದೇ ಪ್ರಶ್ನೆ.

ಬಾಗಿಲ ಬಲಕ್ಕೆ, ನೂಲಿಗೆ ಹಚ್ಚುವ ಗಂಜಿಯ ಗಡಿಗೆ ತೊಳೆದ ನೀರು ಹರಿಯುವಲ್ಲಿ, ಗಿಡ ಹಚ್ಚಲು ಎರಡು ಮಾರು ಉದ್ದದ ಒಂದು ಮಡಿ ಇದೆ. ಉಳಿದ ಅಂಗಳವೆಲ್ಲ ನೂಲು ಹಾಸುವುದಕ್ಕೆ ಬೇಕು. ಬಂದ ಹೊಸದರಲ್ಲಿ ಸಾತವ್ವ ಆ ಮಡಿಗೆ ಕಾಮಕಸ್ತೂರಿ ಬೀಜ ಚೆಲ್ಲಿದ್ದಳು. ಚಂದಕ್ಕಲ್ಲ. ಮಗ್ಗದ ಮನೆಯಲ್ಲಿ ಅರಳೆಯ ಎಳೆ ಹಾರಿ ಹಾರಿ ಕಣ್ಣಿಗೆ ಬೀಳುತ್ತದೆ. ಕಾಮಕಸ್ತೂರಿಯ ಬೀಜವನ್ನು ರೆಪ್ಪೆಯೊಳಗೆ ಇಟ್ಟುಕೊಂಡರೆ ಅದು ಉಬ್ಬಿ, ಅಂಟಾಗಿ, ಎಳೆಯನ್ನು ಹಿಡಿದುಕೊಂಡು ಹೊರಗೆ ಬರುತ್ತದೆ. ಡಾಕ್ಟರರು ಇದನ್ನು ಒಪ್ಪುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಆಸ್ಪತ್ರೆ ಇರುವುದು ದೂರದ ಜಮಖಂಡಿಯಲ್ಲಿ, ಎಳೆ ಬೀಳುವುದು ದಿನಾಲೂ ಇಲ್ಲಿ.

ಗಿಡ ಸೊಂಟದೆತ್ತರ ಬೆಳೆದು, ತೆನೆಯಂತೆ ಹೂ ಬಿಟ್ಟು, ಓಣಿಗೆಲ್ಲ ಪರಿಮಳ ಹಬ್ಬಿದ ದಿನಗಳಲ್ಲೇ ಆ ಸಂಗತಿ ನಡೆಯಿತು. ಮುರಗೆಪ್ಪ ಎಂಬ ನೇಕಾರ ಊಟ ಮುಗಿಸಿ ಬಂದು ಕುಣಿಗೆ ಕಾಲು ಇಳಿಬಿಟ್ಟ. ಬೆಳಿಗ್ಗೆ ಸಾತವ್ವ ನೋಡಿದಾಗ ಕುಣಿ ಬರಿದಾಗಿತ್ತು. ಮಧ್ಯಾಹ್ನ ಅದರಲ್ಲಿ ಕೊಳಕುಮಂಡಲ ಹಾವು ಇತ್ತು. ಮುರಗೆಪ್ಪ ಉಳಿದ. ಕಾಲಿನ ಎರಡು ಬೆರಳು ಹೋದವು, ಪಾದ ಒಣಗಿದ ಬದನೆಕಾಯಿಯಂತೆ ಮುರುಟಿತು. ಈಗ ಅವನು ಅಂಗಳದಲ್ಲಿ ಕುಳಿತು ನೂಲಿಗೆ ಗಂಜಿ ಹಚ್ಚುತ್ತಾನೆ.

ಸಾತವ್ವನನ್ನು ಯಾರೂ ಬೈಯಲಿಲ್ಲ. ಚನಮಲ್ಲಪ್ಪನವರ ತಾಯಿ ಇಂದ್ರವ್ವ ಮಾತ್ರ ಒಂದು ಮಾತು ಅಂದರು: "ವಾಸನಿ ಗಿಡಾ ಹಚ್ಚಿದ್ಯಲ್ಲವಾ ಬಾಗಲದಾಗ. ವಾಸನಿಗೆ ಬಂತ ನೋಡು." ಅಂದೇ ಸಂಜೆ ಸಾತವ್ವ ಗಿಡಗಳನ್ನೆಲ್ಲ ಬೇರು ಸಹಿತ ಕಿತ್ತು ದೂರದ ತಿಪ್ಪೆಗೆ ಎಸೆದಳು. ಕೈಯ ವಾಸನೆ ಹೋಗಲೆಂದು ಬೂದಿ ಹಚ್ಚಿ ತಿಕ್ಕಿದಳು.

ಮಡಿ ಬರಿದಾಯಿತು. ಎಳೆ ಹಾರುವುದು ಮಾತ್ರ ನಿಲ್ಲಲಿಲ್ಲ. ಹೋದ ಬೇಸಿಗೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವ ತಾರವ್ವನ ಕಣ್ಣಿಗೆ ಎಳೆ ಬಿತ್ತು. ಬೀಜ ಓಣಿಯ ಯಾರ ಮನೆಯಲ್ಲೂ ಸಿಗಲಿಲ್ಲ. ಸೆರಗಿನಿಂದ ಉಜ್ಜಿ ಉಜ್ಜಿ ಕಣ್ಣು ಗಾಯವಾಯಿತು. ಬಲಗಣ್ಣು ಈಗ ಗಂಜಿ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತದಂತೆ. ನೂಲು ಹರಿದಾಗ ಅವಳು ತುದಿಯನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಹುಡುಕುತ್ತಾಳೆ. ಆ ಬೆರಳನ್ನು ಕಂಡಾಗಲೆಲ್ಲ ಸಾತವ್ವ ಮುಖ ತಿರುಗಿಸುತ್ತಾಳೆ.

ಈ ವರುಷ ಮುಂಗಾರಿನ ಮಿರಗದ ಮಳೆ ಹತ್ತಿರ ಬಂದಾಗ ಚನಮಲ್ಲಪ್ಪನವರು ಮಡಿ ಯಾಕೆ ಹಾಳು ಬಿದ್ದಿದೆ, ಏನಾದರೂ ಹಾಕು ಎಂದರು. ಸಾತವ್ವನ ಸೆರಗಿನಲ್ಲಿ ಎರಡು ಗಂಟುಗಳು ಬಿದ್ದವು. ಒಂದರಲ್ಲಿ ತವರಿನಿಂದ ತರಿಸಿದ ಕಾಮಕಸ್ತೂರಿಯ ಕರಿ ಬೀಜ. ಇನ್ನೊಂದರಲ್ಲಿ ತುಂಬೆಯ ಬೀಜ. ತುಂಬೆಯ ಬಿಳಿ ಹೂವು ಇಂದ್ರವ್ವನವರ ಲಿಂಗಪೂಜೆಗೆ ಆಗುತ್ತದೆ, ಅದರ ವಾಸನೆಗೆ ಹುಳ ಸುಳಿಯುವುದಿಲ್ಲ ಎಂದು ಹಿರಿಯರ ಮಾತು. ಎರಡನ್ನೂ ಅರ್ಧರ್ಧ ಹಾಕಬಹುದಲ್ಲ ಎಂದು ಯಾರೋ ಕೇಳಿದರು. ಎರಡೂ ಸೇರಿದರೆ ಪೊದೆಯಾಗುತ್ತದೆ, ಪೊದೆಯಾದರೆ ಅದರ ಬುಡ ಕಾಣುವುದಿಲ್ಲ ಎಂದಳು. ಒಂದು ಗಂಟು ಬಿಚ್ಚಿದರೆ ಯಾರದೋ ಕಾಲು, ಇನ್ನೊಂದು ಬಿಚ್ಚಿದರೆ ಯಾರದೋ ಕಣ್ಣು.

ತನಗೆ ತೋಚದಾಗ ಕುಲದೇವರು ಬೀರೇಶ್ವರನ ಗುಡಿಗೆ ಹೋದಳು. ಪೂಜಾರಿ ದೇವರ ಎಡಬಲಕ್ಕೆ ಒದ್ದೆ ಹೂವು ಅಂಟಿಸಿದ. ಬಲದ ಹೂ ಬಿದ್ದರೆ ಕಾಮಕಸ್ತೂರಿ, ಎಡದ್ದು ಬಿದ್ದರೆ ತುಂಬೆ. ಸಾತವ್ವ ಸೆರಗೊಡ್ಡಿ ಕುಳಿತಳು. ಹೊತ್ತು ನೆತ್ತಿಗೇರಿದರೂ ಎರಡೂ ಬೀಳಲಿಲ್ಲ. ಜೊತೆಗೆ ಬಂದಿದ್ದ ಮೈದುನ ಹಾಲಸಿದ್ದಪ್ಪ ಇಂದಿಗೂ ಕುರಿ ಕಾಯುವವನು. ಅವನು ಕಂಬಳಿ ಕೊಡವಿ ಎದ್ದ.

"ನಡಿ ಅತ್ತಿಗಿ. ದ್ಯಾವರೂ ಅಂಜ್ಯಾನ."

ದಾರಿಯಲ್ಲಿ ಅವನು ಇನ್ನೂ ಒಂದು ಮಾತು ಹೇಳಿದ. ತುಂಬೆಯ ಬುಡದಲ್ಲೂ ಹುಳ ಸುರುಳಿ ಸುತ್ತಿ ಮಲಗಿದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ತಂಪು ಬೇಕು, ಇಲಿ ಬೇಕು, ಹೂವಿನ ಜಾತಿ ಯಾಕೆ ಬೇಕು ಎಂದ. ಸಾತವ್ವನಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. ತುಂಬೆಯ ಮೇಲಿದ್ದ ಒಂದು ಧೈರ್ಯವೂ ಹೋಯಿತು.

ಮರುದಿನ ಮಡಿಯ ಮುಂದೆ ಎರಡು ಗಂಟು ಹಿಡಿದು ಕುಳಿತವಳನ್ನು ನೋಡಿ ಮುರಗೆಪ್ಪ ಗಂಜಿಯ ಕುಂಚ ಕೆಳಗಿಟ್ಟ. ಹುಳ ಕಚ್ಚಿದ ಸಂಗತಿಯನ್ನು ಅವನೆದುರು ಎತ್ತಲು ಅವಳಿಗೆ ಅಷ್ಟು ವರುಷ ಬಾಯಿ ಬಂದಿರಲಿಲ್ಲ. ಅವನೇ ಎತ್ತಿದ.

"ಸಾತಕ್ಕಾ, ಹುಳ ವಾಸನಿಗೆ ಬಂದಿತ್ತಂದ್ರ ಗಿಡದಾಗ ಕುಂದರಬೇಕಿತ್ತು. ನನ್ನ ಕುಣಿಗೆ ಯಾಕ ಬಂತು? ನನ್ನ ಕಾಲಿಗೇನು ಅತ್ತರ ಹಚ್ಚಿತ್ತ?"

ನೂಲು ಹಾಸುತ್ತಿದ್ದವರೆಲ್ಲ ನಕ್ಕರು. ಸಾತವ್ವ ನಗಲಿಲ್ಲ. ಮುರಗೆಪ್ಪ ತಗ್ಗಿದ ದನಿಯಲ್ಲಿ ಮುಂದುವರಿದ: "ಕಚ್ಚಿಸಿಕೊಂಡಾಂವ ನಾನು. ನಾ ಹೇಳತೇನಿ, ಕಾಮಕಸ್ತೂರಿ ಹಾಕು. ತಾರವ್ವಗ ಇನ್ನೊಂದ ಕಣ್ಣರ ಉಳೀಲಿ."

ಸಾತವ್ವ ಕರಿ ಬೀಜದ ಗಂಟು ಬಿಚ್ಚಿದಳು. ಬೀಜವೆಲ್ಲ ಒಂದೇ ಕಡೆ ಬಿದ್ದವು, ಮತ್ತೆ ಹರಡಬೇಕಾಯಿತು.

ಈಗ ಆ ಮಡಿಯಲ್ಲಿ ಕಾಮಕಸ್ತೂರಿ ಹೂ ಬಿಟ್ಟಿದೆ. ಆದರೆ ಅಂಥ ಗಿಡಗಳನ್ನು ಬೇರೆಲ್ಲೂ ಕಾಣಲಾರೆವು. ಪ್ರತಿ ಗಿಡದ ಕೆಳಗಿನ ಎಲೆ, ಟೊಂಗೆಗಳನ್ನೆಲ್ಲ ಗೇಣೆತ್ತರದವರೆಗೆ ಸಾತವ್ವ ಚಿವುಟಿ ತೆಗೆದಿದ್ದಾಳೆ. ಸೀರೆ ಎತ್ತಿ ಕಟ್ಟಿ ನಾಟಿಗೆ ನಿಂತ ಹೆಂಗಸರಂತೆ ಅವು ನಿಂತಿವೆ. ಬುಡದ ನೆಲ ಬರಿದಾಗಿ ಕಾಣುತ್ತದೆ. ಒಣಗಿದ ತೆನೆಗಳನ್ನು ತಾರವ್ವ ಅಂಗೈಯಲ್ಲಿ ತಿಕ್ಕಿ ಬೀಜ ಊದಿ ಡಬ್ಬಿಗೆ ತುಂಬುತ್ತಾಳೆ. ಸಾತವ್ವ ಈಗ ಕುಣಿಗಳಿಗಿಂತ ಮೊದಲು ಮಡಿಯನ್ನು ನೋಡುತ್ತಾಳೆ. ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದಾಗ ಎಲ್ಲವನ್ನೂ ಇನ್ನೊಮ್ಮೆ ನೋಡುತ್ತಾಳೆ. ಕೆಲಸ ಹೆಚ್ಚಾಯಿತು, ಅಂಜಿಕೆ ಎಳ್ಳಷ್ಟೂ ಕಡಿಮೆಯಾಗಿಲ್ಲ. ಗಾಳಿ ಬೀಸಿ ಪರಿಮಳ ಬಂದಾಗಲೆಲ್ಲ ಕೋಲು ಹಿಡಿದು ಮಡಿಯ ಬುಡ ನೋಡಲು ಹೋಗುತ್ತಾಳೆ. ಉಳಿದವರು ಆಹಾ ಎಂದು ಮೂಗರಳಿಸುವ ಪರಿಮಳ ಅದು.

ಏನಾದರೂ ಬೇಕೇ ಎಂದು ನಾವು ಕೇಳಿದರೆ ಕಂದೀಲನ್ನು ಎತ್ತಿ ತೋರಿಸುತ್ತಾಳೆ. "ಒಂದು ಬ್ಯಾಟ್ರಿ ಇದ್ದರ ಛಲೋ ಆಗತಿತ್ರಿ. ಕಂದೀಲಾ ಇಳಿಸಿದರ ಅದರ ನೆರಳ ಅದರ ಬುಡಕ್ಕ ಬೀಳತೈತಿ. ನೆರಳಿದ್ದಲ್ಲಿ ಏನೈತೋ ಅಂತ ಜೀವಾ ಹೊಡಕೋತೈತಿ."

ಹೊರಗೆ ಬೆಳಕು ಹರಿದಿದೆ. ಕೊನೆಯ ಕುಣಿ ಗುಡಿಸಿ ಸಾತವ್ವ ಮೇಲೆ ಬಂದು, ಕಂದೀಲು ಆರಿಸಿ, ಬಾಗಿಲ ಬದಿಗೆ ಸರಿದು ನಿಲ್ಲುತ್ತಾಳೆ. ನೇಕಾರರು ಒಬ್ಬೊಬ್ಬರಾಗಿ ಬರುತ್ತಾರೆ. ಒಬ್ಬ ಆಕಳಿಸುತ್ತಾನೆ, ಇನ್ನೊಬ್ಬ ನಿನ್ನೆಯ ಕುಸ್ತಿಯ ಸುದ್ದಿ ಹೇಳುತ್ತಿದ್ದಾನೆ. ಮಾತಾಡುತ್ತಲೇ ಕುಳಿತು, ಮಾತಾಡುತ್ತಲೇ ಕಾಲು ಇಳಿಬಿಡುತ್ತಾರೆ. ಮೊದಲ ಲಾಳಿ ಓಡುತ್ತದೆ.

ಸಾತವ್ವ ಹದಿನಾಲ್ಕೂ ಜನ ಕುಳಿತುಕೊಳ್ಳುವವರೆಗೆ ನೋಡುತ್ತಾಳೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮ ಕಡೆ ತಿರುಗಿ ಹೇಳುತ್ತಾಳೆ:

"ನೋಡಿದ್ರ್ಯಾ? ಒಬ್ಬರೂ ಕುಣ್ಯಾಗ ಬಗ್ಗಿ ನೋಡಲಿಲ್ಲ."