ನೀರು ಹಾಕುವ ಅಜ್ಜಿ

ಕಗ್ಗದಾಸಪುರದ ನಮ್ಮ ಬೀದಿಯ ಕೂಸುಗಳಿಗೆಲ್ಲ ನೀರು ಹಾಕುತ್ತಿದ್ದವಳು ಆ ಅಜ್ಜಿ. ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಅದರ ಹಣೆಗೆ ಅಂಗೈ ಅಡ್ಡ ಹಿಡಿದು, ಚೊಂಬು ಹಿಡಿದವರಿಗೆ ತಪ್ಪದೆ ಹೇಳುತ್ತಿದ್ದಳು: "ಕಣ್ಣಿಗೆ ಬೀಳ್ದಂಗೆ ಹುಯ್ಯಮ್ಮ." ನಾನೂ ಆ ಕಾಲುಗಳ ಮೇಲೆ ಮಿಂದವಳೇ.

ಹೊಲಗಳಿದ್ದಲ್ಲಿ ಈಗ ಬಾಡಿಗೆ ಮನೆಗಳು. ಯಾವ ಬಾಲ್ಕನಿಯಲ್ಲೂ ಕೂಸಿನ ಬಟ್ಟೆ ಒಣಗುವುದಿಲ್ಲ. ನಾವೂ ಮಕ್ಕಳು ಬೇಡವೆಂದುಕೊಂಡವರು. ಅತ್ತೆ ಕೇಳುವುದನ್ನೂ ಬಿಟ್ಟಿದ್ದಾರೆ.

ಕೊನೆಕೊನೆಗೆ ಅಜ್ಜಿಗೆ ಮರೆವು ಹತ್ತಿತು. ಒಂದು ಬೆಳಿಗ್ಗೆ ಸೀದಾ ನಮ್ಮ ಬಾತ್‌ರೂಮಿಗೆ ಬಂದು, ಟೈಲ್ಸ್ ಮೇಲೆ ಕಾಲು ನೀಡಿ ಕೂತಳು.

"ಮನೇಲಿ ಮಗು ಇಲ್ಲ ಅಜ್ಜಿ," ಎಂದೆ.

ಅವಳು ಬರಿದಾದ ಕಾಲುಗಳ ಮೇಲೆ ಅಂಗೈ ಅಡ್ಡ ಹಿಡಿದಳು. "ಕಣ್ಣಿಗೆ ಬೀಳ್ದಂಗೆ ಹುಯ್ಯಮ್ಮ."

ಹುಯ್ದೆ, ಆದಷ್ಟೂ ನಿಧಾನವಾಗಿ.